ರೆಜಿನಾ ಬಾಯಿಯ ಸಪೂರ ನೂಲು

ರೆಜಿನಾ ಬಾಯಿಯ ಮನೆ ಜಗಲಿಯ ಮರದ ಕಂಬದಲ್ಲಿ, ಸೊಂಟದ ಎತ್ತರಕ್ಕೆ, ಸುತ್ತಲೂ ಒಂದು ಗೆರೆ ಕೊರೆದಿದೆ. ಹಸು ಕಟ್ಟಿ ಆದದ್ದಲ್ಲ. ಬಾಯಿ ತಾವು ಕಟ್ಟಿದ ಗಾಳದ ಸರಿಗೆಯನ್ನು ಆ ಕಂಬಕ್ಕೆ ಸುತ್ತಿ, ದಾರದ ತುದಿಗೆ ಒಂದು ಕೋಲು ಬಿಗಿದು, ಅದನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರವನ್ನೆಲ್ಲ ಹಿಂದಕ್ಕೆ ಬಿಡುತ್ತಿದ್ದರು. ದಾರ ಟಪ್ಪೆಂದು ಹರಿಯಬೇಕು, ಹಿಂದೆ ಇಟ್ಟ ತೆಂಗಿನ ಸಿಪ್ಪೆಯ ಗೋಣಿಯ ಮೇಲೆ ಅವರು ದೊಪ್ಪನೆ ಕುಳಿತುಬಿಡಬೇಕು. ಹಾಗೆ ಬಿದ್ದರೆ ಮಾತ್ರ ಸಮಾಧಾನ. ಮದುವೆಯಾಗಿ ಕುಂಜತ್ತೂರಿನ ಈ ಕಡಲ ಬದಿಗೆ ಬಂದ ಹೊಸತರಲ್ಲಿ ಬೇಲಿಯಾಚೆಯಿಂದ ಇದನ್ನು ನೋಡಿ ನಾನು ಓಡಿಹೋಗಿದ್ದೆ.

"ಎಂತ ಆಯ್ತು ಬಾಯಿ? ಬಿದ್ದಿರಾ?"

"ಬಿದ್ದೆ ಮಗಾ. ಬಿದ್ದದ್ದು ಒಳ್ಳೇದಾಯ್ತು," ಎಂದು ಸೆರಗು ಕೊಡವಿಕೊಂಡು ಎದ್ದರು.

ಅಂಜಲ್ ಮೀನಿನ ಹಲ್ಲೆಂದರೆ ಗರಗಸ. ಬರೀ ನೈಲಾನ್ ದಾರವಾದರೆ ಕಚ್ಚಿ ತುಂಡು ಮಾಡಿ ಹೋಗುತ್ತದೆ. ಅದಕ್ಕೆ ಗಾಳದ ಬುಡಕ್ಕೆ ಉಕ್ಕಿನ ಸರಿಗೆ. ಮೀನು ಹೊರಳಿದರೂ ದಾರ ತಿರುಚಿಕೊಳ್ಳದಂತೆ ತಿರುಗುವ ಕೊಂಡಿ. ಅಲ್ಲಿಂದ ದೋಣಿಯವರೆಗೆ ದಪ್ಪ ದಾರ. ಎಲ್ಲರೂ ಕಟ್ಟುವುದು ಹೀಗೆ. ಬಾಯಿ ಮಾತ್ರ ಕೊಂಡಿಗೂ ದಪ್ಪ ದಾರಕ್ಕೂ ನಡುವೆ ಒಂದು ಗೇಣು ಸಪೂರ ನೂಲು ಸೇರಿಸುತ್ತಿದ್ದರು. ಮೀನು ಮನುಷ್ಯನಿಗಿಂತ ಜೋರಾದರೆ ಅಲ್ಲೇ ಹರಿದು ಹೋಗಲಿ ಎಂದು.

ಅವರ ಗಂಡನನ್ನು ನಾವೆಲ್ಲ ಪೊರ್ಬುಗಳು ಎಂದೇ ಕರೆಯುವುದು. ಅವರು ಪ್ರಾಯದಲ್ಲಿ ಒಬ್ಬರೇ ದೋಣಿ ತೆಗೆದುಕೊಂಡು ಹೋಗುತ್ತಿದ್ದರಂತೆ. ಒಂದು ದಿನ ಆಯಾಸಕ್ಕೆ ದಾರವನ್ನು ಕೈಗೆ ಸುತ್ತಿಕೊಂಡು ಕೂತಿದ್ದಾಗ ದೊಡ್ಡ ಅಂಜಲ್ ಎಳೆಯಿತು. ಬಲಗೈಯ ಹೆಬ್ಬೆರಳೂ ಪಕ್ಕದ ಎರಡು ಬೆರಳೂ ಹೋದವು. ದಾರ ಬಿಡಿಸಲು ಹೋದ ಎಡಗೈಯೂ ನರ ತುಂಡಾಗಿ ಸ್ವಾಧೀನ ತಪ್ಪಿತು. "ನಾನು ಎಷ್ಟು ಅಂಜಲ್ ತಿಂದಿದ್ದೇನೆ. ಅದೂ ಸ್ವಲ್ಪ ತಿನ್ನಲಿ ಮಾರಾಯ," ಎಂದು ಪೊರ್ಬುಗಳು ನಗುತ್ತಿದ್ದರು. ಬಾಯಿ ನಗುತ್ತಿರಲಿಲ್ಲ. ಅಂದಿನಿಂದ ಗಂಟು ಹಾಕುವುದನ್ನು ಅವರು ಕಲಿತರು. ಗಂಡ ಬಾಯಲ್ಲಿ ಹೇಳುವುದು, ಹೆಂಡತಿ ಕೈಯಲ್ಲಿ ಮಾಡುವುದು. ನೆರೆಕರೆಯ ಗಂಡಸರಿಗೆಲ್ಲ ಕಟ್ಟಿಕೊಟ್ಟರು. ಬದಲಿಗೆ ಸಾರು ಮಾಡಲು ಒಂದು ಮೀನಿನ ತಲೆ ಕೊಟ್ಟರೆ ಸಾಕು.

ನನ್ನ ಯಜಮಾನರದ್ದೂ ಸಣ್ಣ ದೋಣಿ. ಕಡಲಿಗೆ ಹೋದವರ ಮನೆಯಲ್ಲಿ ಹೆಂಗಸರಿಗೆ ಕೂತಲ್ಲೇ ದಣಿವು. ಅನ್ನ ಬಸಿದು, ದೇವರಿಗೆ ದೀಪ ಇಟ್ಟು, ಬಟ್ಟೆ ಒಗೆದು, ಮತ್ತೆ ಮತ್ತೆ ಅಂಗಳಕ್ಕೆ ಬಂದು ನೋಡುವುದು. ದೋಣಿ ಕಂಡರೆ ಆ ದಿನದ ಮಟ್ಟಿಗೆ ದೇವಿ ನಡೆಸಿಕೊಟ್ಟಳು ಎಂದು ಲೆಕ್ಕ.

ಹಾಗೆ ಒಂದು ಮಧ್ಯಾಹ್ನ ದೋಣಿ ಬಂತು. ಇವರು ಮನೆಗೆ ಬಾರದೆ ಹರಿದ ದಾರ ಹಿಡಿದುಕೊಂಡು ನೇರ ಬಾಯಿಯ ಜಗಲಿಗೆ ನಡೆದರು. ನಾನು ಹಿಂದೆಯೇ ಹೋದೆ.

"ದೋಣಿಯ ಹತ್ತಿರ ಬಂದಿತ್ತು ಬಾಯಿ! ನನ್ನಷ್ಟು ಉದ್ದ ಇತ್ತು! ನಿಮ್ಮ ನೂಲು ಯಾರ ಕಡೆ? ಮೀನಿನ ಕಡೆಯಾ?"

ಬಾಯಿ ತಲೆಯೆತ್ತದೆ ನನ್ನ ಕಡೆ ಕೈ ತೋರಿಸಿದರು. "ಅಲ್ಲ ವಾಮನ. ಶಾರದನ ಕಡೆ."

ಇವರಿಗೆ ಇನ್ನೂ ಸಿಟ್ಟು ಬಂತು. ಮನೆಗೆ ಬಂದು ಎಲ್ಲ ದಾರದಿಂದ ಸಪೂರ ನೂಲು ಕತ್ತರಿಸಿ ಬಿಸಾಡಿ, ಕೊಂಡಿಗೆ ದಪ್ಪ ದಾರವನ್ನೇ ಬಿಗಿದರು. ಬೇಡ ಎಂದೆ. "ನೀನು ಅನ್ನ ನೋಡಿಕೋ," ಎಂದರು. ಅನ್ನ ನೋಡಿಕೊಂಡೆ, ಆಮೇಲೆ ಹೋಗಿ ಬಾಯಿಗೆ ಹೇಳಿದೆ.

ಮರುದಿನ ಆದಿತ್ಯವಾರ. ಬೆಳಿಗ್ಗೆ ಬಾಯಿ ಬೇಲಿಯ ಹತ್ತಿರ ಬಂದು ಕರೆದರು. "ವಾಮನ, ಒಮ್ಮೆ ಬಾ. ಇಗರ್ಜಿಯ ಪೂಜೆಗೆ ಹೊತ್ತಾಯ್ತು, ನನ್ನ ಕೈಯಲ್ಲಿ ಹಿಟ್ಟುಂಟು. ಪೊರ್ಬುಗಳ ಅಂಗಿಗೆ ಬಟನ್ ಹಾಕು."

ಇವರು ಹೋದರು. ಪೊರ್ಬುಗಳು ಮಗುವಿನ ಹಾಗೆ ಗಲ್ಲ ಎತ್ತಿ ನಿಂತರು. ಒಂದೊಂದೇ ಬಟನ್ ಹಾಕುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪೊರ್ಬುಗಳು ಅಂದು ತಮಾಷೆಯನ್ನೂ ಮಾಡಲಿಲ್ಲ. ಬಾಯಿ ಒಳಗಿನಿಂದ ಹೇಳಿದರು, "ತೋಳಿನದ್ದೂ ಉಂಟು."

ಇವರು ವಾಪಸು ಬಂದು ನಮ್ಮ ಅಂಗಳದಲ್ಲಿ ಬಗ್ಗಿ ಏನನ್ನೋ ಹುಡುಕುತ್ತಿದ್ದರು. ನಾನು ಗುಡಿಸುವಾಗ ಆ ನೂಲಿನ ತುಂಡುಗಳನ್ನು ಎತ್ತಿ ದೇವರ ಗೂಡಿನ ಅಡಿಯಲ್ಲಿ ಇಟ್ಟಿದ್ದೆ. ತಂದು ಕೊಟ್ಟೆ.

"ಇದು ಗಿಡ್ಡ ಆಯ್ತು," ಎಂದರು. ಹೊಸ ನೂಲು ಕೇಳಲು ಬಾಯಿಯ ಹತ್ತಿರ ತಾವೇ ಹೋದರು.

ಬಾಯಿಗೆ ಕೊನೆಗೆ ಕಣ್ಣು ಮಂಜಾಯಿತು. ಆಮೇಲೆ ಕಾಲಿನ ಶಕ್ತಿಯೂ ಹೋಗಿ ಮಂಚ ಹಿಡಿದರು. ಆಗ ಇವರೇ ಕಟ್ಟುತ್ತಿದ್ದರು, ನಾನು ತೋರಿಸಿಕೊಂಡು ಬರುತ್ತಿದ್ದೆ. ಕೊನೆಯ ಸಲ ಹೋದಾಗ ಮಳೆಗಾಲ ಮುಗಿದು ದೋಣಿ ಇಳಿಸುವ ಸಮಯ. ಬಾಯಿ ನೂಲನ್ನು ತುಟಿಯ ನಡುವೆ ಇಟ್ಟು ಮೆಲ್ಲನೆ ಎಳೆದು ದಪ್ಪ ನೋಡಿದರು.

"ಇಷ್ಟು ಸಾಕು. ಹೋಗು, ನೀನೇ ಜಗ್ಗು."

ಕಂಬದ ಗೆರೆಗೆ ಸರಿಗೆ ಕೂರಿಸಿ, ಕೋಲು ಹಿಡಿದು, ದೇವಿಯನ್ನು ನೆನೆದು ಹಿಂದಕ್ಕೆ ವಾಲಿದೆ. ಹರಿಯಿತು. ಗೋಣಿಯ ಮೇಲೆ ಬಿದ್ದೆ. ಒಳಗಿನಿಂದ ಬಾಯಿ ನಕ್ಕದ್ದು ಕೇಳಿಸಿತು. ಸಣ್ಣ, ಸುಸ್ತಾದ ನಗು.

"ಬಿದ್ದಿಯಾ?"

"ಬಿದ್ದೆ ಬಾಯಿ."

"ಹಾಗಾದರೆ ಕಡಲಿಗೆ ಕಳಿಸು ಅವನನ್ನು."

ಆ ವಾರವೇ ಅವರು ತೀರಿಕೊಂಡರು. ನೋವಿಲ್ಲದೆ, ನಿದ್ದೆಯಲ್ಲಿ. ಅಷ್ಟನ್ನಾದರೂ ದೇವರು ಕೊಟ್ಟ.

ಈಗ ಆದಿತ್ಯವಾರ ಬೆಳಿಗ್ಗೆ ಇವರು ಚಹಾ ಕುಡಿಯುವ ಮೊದಲೇ ಬೇಲಿ ದಾಟುತ್ತಾರೆ. ಮೊದಲನೇ ವಾರ ನಾನೂ ಹೋಗಿದ್ದೆ. ಇವರು ಕೆಳಗಿನಿಂದ ಹಾಕುತ್ತ ಬಂದು ಕುತ್ತಿಗೆಯ ಬಟನ್‌ಗೆ ಕೈಯಿಟ್ಟಾಗ ಪೊರ್ಬುಗಳು ತಡೆದರು.

"ಅದು ಬೇಡ ವಾಮನ. ಸೆಕೆಯಾಗ್ತದೆ ಅಂತ ಅವಳು ಅದನ್ನು ಬಿಡ್ತಿದ್ದಳು."

ಇವರು ಅದನ್ನು ಹಾಗೇ ಬಿಟ್ಟು, ತೋಳಿನ ಬಟನ್ ಹಾಕಿದರು.