ಸೆರಗು ಕೊಡವುವ ಕೇರಿ

ಮಲ್ಲಂದೂರಿನಿಂದ ಮದುವೆಯಾಗಿ ಬಂದ ಮಾರನೆಯ ದಿನವೇ ಅಂಜನಮ್ಮ ದ್ಯಾವಮ್ಮನ ಹೆಸರು ಕೇಳಿದ್ದು. ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದಾಗ ಅತ್ತೆ ಕಿವಿಯ ಹತ್ತಿರ ಬಾಗಿ, "ಸೋಮವಾರದಿಂದ ನೀನೂ ಬೀಜ ಆರಿಸೋಕೆ ಬರ್ತೀಯಲ್ಲ, ಮೇಸ್ತ್ರಿ ದ್ಯಾವಮ್ಮನ ಎದುರು ಒಂದು ಕಪ್ಪು ಬೀಜ ಬಿಟ್ಯೋ, ನಿನ್ನ ಕತೆ ಮುಗೀತು" ಎಂದು ಹೆದರಿಸಿದ್ದಳು. ಹುಲಿಯಂಥ ಹೆಂಗಸನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಅಲ್ಲಿದ್ದದ್ದು ಎಲೆಯಡಿಕೆ ಮೆಲ್ಲುತ್ತ ನಿಂತ ಗುಬ್ಬಚ್ಚಿಯಂಥ ಹೆಂಗಸು. ದನಿ ಮಾತ್ರ ಹುಲಿಯದೇ.

ಚಿಕ್ಕಮಗಳೂರಿನ ಆ ಓಣಿಗೆ ಕ್ಯೂರಿಂಗ್ ಕೇರಿ ಎಂದು ಹೆಸರು. ತೋಟಗಳಿಂದ ಬಂದ ಕಾಫಿಯ ಸಿಪ್ಪೆ ಬಿಡಿಸಿ, ಬೀಜ ಆರಿಸಿ, ಮೂಟೆ ಕಟ್ಟುವ ಕ್ಯೂರಿಂಗ್ ವರ್ಕ್ಸ್ ಓಣಿಯ ತುದಿಯಲ್ಲಿತ್ತು. ಕೇರಿ ಹುಟ್ಟಿದ್ದೇ ಅದರಿಂದ. ಗಂಡಸರು ಮೂಟೆ ಹೊರುವವರು, ಹೆಂಗಸರು ಬೀಜ ಆರಿಸುವವರು. ಸೀಸನ್ನಿನಲ್ಲಿ ಒಣಹಾಕಿದ ಬಟ್ಟೆ, ಬೆಕ್ಕಿನ ಮೈ, ಮುಚ್ಚಲು ಮರೆತ ಮಜ್ಜಿಗೆ, ಎಲ್ಲದರ ಮೇಲೂ ಕಾಫಿ ಹೊಟ್ಟಿನ ಧೂಳು.

ಸಂಜೆ ಗೇಟಿನಲ್ಲಿ ಜಡ್ತಿ. ಬೀಜ ಕದ್ದೊಯ್ಯುತ್ತಾರೆಂಬ ಗುಮಾನಿಯಿಂದ ಪ್ರತಿಯೊಬ್ಬ ಹೆಂಗಸೂ ವಾಚ್‌ಮನ್ ಮುಂದೆ ಸೆರಗು ಕೊಡವಿ, ಊಟದ ಡಬ್ಬಿ ಬೋರಲು ಹಾಕಿ ತೋರಿಸಿಯೇ ಹೊರಬೀಳಬೇಕು. ಮೇಸ್ತ್ರಿಗೆ ಆ ಕಟ್ಟಳೆ ಇರಲಿಲ್ಲ. ಆದರೂ ದ್ಯಾವಮ್ಮ ಎಲ್ಲರಿಗಿಂತ ಮುಂದೆ ಹೋಗಿ ಪಟಪಟನೆ ಸೆರಗು ಕೊಡವಿ, "ನೋಡ್ಕೊಳಪ್ಪ, ಬಡತನ ಬಿಟ್ಟು ಬೇರೆ ಏನೂ ಉದುರಲ್ಲ" ಎನ್ನುತ್ತಿದ್ದಳು. ಹಿಂದಿದ್ದವರು ನಗುನಗುತ್ತಲೇ ಕೊಡವಿ ಮನೆಗೆ ಬರುತ್ತಿದ್ದರು.

ಹಾಗೆ ಮೈಗೆ ಹತ್ತಿದ ಅಭ್ಯಾಸ ಕೇರಿಯವರನ್ನು ಬಿಡಲೇ ಇಲ್ಲ. ದೇವಸ್ಥಾನವಾಗಲಿ, ರೇಷನ್ ಅಂಗಡಿಯಾಗಲಿ, ಬಾಗಿಲು ದಾಟುವಾಗ ಸೆರಗನ್ನು ಒಮ್ಮೆ ಕೊಡವಲೇಬೇಕು. ಆಮೇಲೆ ಬೀಜ ಆರಿಸಲು ಮಷೀನು ಬಂತು, ಕ್ಯೂರಿಂಗ್ ಮುಚ್ಚಿತು. ಈಗ ಆ ಗೋದಾಮಿನಲ್ಲಿ ಸುರೇಂದ್ರ ಎಂಬುವವನ ಕೆಫೆ ಇದೆ. ಮನೆಗೊಂದು ಹೋಂಸ್ಟೇ ಬೋರ್ಡು. ಶನಿವಾರ ಬಂತೆಂದರೆ ಬೆಟ್ಟ ನೋಡಲು ಹೊರಟ ಕಾರುಗಳು ಓಣಿಯಲ್ಲಿ ಸಿಕ್ಕಿಕೊಳ್ಳುತ್ತವೆ. ದ್ಯಾವಮ್ಮ ಜಗಲಿಯಲ್ಲಿ ಕೂತು, "ಹಿಂದೆ ತಗಳಪ್ಪ, ಇನ್ನೂ ಹಿಂದೆ... ಹಾಂ, ಬಿತ್ತಾ ಚರಂಡಿಗೆ? ಈಗ ತೆಕ್ಕೊ ಫೋಟೊ!" ಎಂದು ಮೇಸ್ತ್ರಿಕೆ ಮುಂದುವರಿಸಿದ್ದಳು. ಈಗಿನ ಹುಡುಗಿಯರಿಗೆ ಜಡ್ತಿಯ ವಿಷಯವೇ ತಿಳಿಯದು. ಆದರೂ ತಾಯಂದಿರನ್ನು ನೋಡಿ ನೋಡಿ ಚೂಡಿದಾರದ ವೇಲನ್ನು ಕೊಡವಿಯೇ ಹೊರಡುತ್ತಾರೆ.

ಎಡವಟ್ಟಾದದ್ದು ದ್ಯಾವಮ್ಮನ ಮೊಮ್ಮಗಳು ಅರ್ಚನಾಳ ಸಂಬಂಧದಲ್ಲಿ. ಹುಡುಗ ಗೋಣಿಬೀಡಿನ ಅರುಣ್. ಇಬ್ಬರೂ ಮನಸಾರೆ ಒಪ್ಪಿದ್ದರು. ಗಂಡಿನ ಮನೆ ನೋಡಲು ಕೇರಿಯ ಹೆಂಗಸರು ಒಂದು ಜೀಪು ತುಂಬ ಹೋದರು. ಕೇಸರಿಬಾತು, ಕಾಫಿ, ಅರಿಶಿನ ಕುಂಕುಮ ಎಲ್ಲ ಸೊಗಸಾಗಿ ಮುಗಿಯಿತು. ಹೊರಡುವಾಗ ಹೊಸ್ತಿಲಲ್ಲಿ ಎಲ್ಲರೂ, ಮಳೆಗೆ ನೆಂದ ಕೋಳಿಗಳ ಹಾಗೆ, ಒಟ್ಟಿಗೆ ಕೊಡವಿಬಿಟ್ಟರು. ಹುಡುಗನ ತಾಯಿ ತನುಜಾಳ ಮುಖ ಬಿಗಿಯಿತು. ಮರುದಿನ ಫೋನು ಬಂತು: "ಹೊಸ್ತಿಲ ಮೇಲೇ ಧೂಳು ಕೊಡವಿ ಹೋದ್ರಲ್ಲ, ನಮ್ಮನೇಲಿ ಅಂಥಾ ಕೊಳೆ ಏನು ಕಂಡ್ರಿ? ಈ ಸಂಬಂಧ ಬೇಡ ಬಿಡಿ."

ಅರ್ಚನಾ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಅಂಜನಮ್ಮ ದ್ಯಾವಮ್ಮನನ್ನು ಹಿತ್ತಲಿಗೆ ಕರೆದಳು.

"ಇದ್ದದ್ದು ಇದ್ದ ಹಾಗೆ ಹೇಳಿದ್ರಾಯ್ತಲ್ಲ ಅಕ್ಕಾ?"

"ಏನಂತ ಹೇಳ್ಲಿ? ಕಳ್ಳೀರ ಹಾಗೆ ದಿನಾ ಜಡ್ತಿ ಕೊಟ್ಟೋಳ ಮೊಮ್ಮಗಳನ್ನ ತಗೊಳ್ಳಿ ಅಂತನಾ? ನನ್ನ ಮಗನಿಗೇ ಹೇಳಿಲ್ಲ ಮಾರಾಯ್ತಿ ಅದನ್ನ."

ಅಂಜನಮ್ಮನಿಗೆ ನಂಬಲಾಗಲಿಲ್ಲ. "ಮತ್ತೆ ಗೇಟಲ್ಲಿ ಅಷ್ಟು ನಗಾಡ್ತಿದ್ದೆ?"

"ನಾನು ಅತ್ತಿದ್ರೆ ಮಾರನೇ ದಿನ ನೀವ್ಯಾರು ಕೆಲಸಕ್ಕೆ ಬರ್ತಿದ್ರಿ?"

ಅಂಜನಮ್ಮ ಒಳಗೆ ಹೋಗಲು ತಿರುಗಿದಳು. "ಸರಿ ಹಾಗಾದ್ರೆ. ನಿನ್ನ ನಾಚಿಕೆ ನೀನೇ ಜೋಪಾನ ಮಾಡ್ಕೊ. ಆ ಹುಡುಗಿ ಅಳ್ತಾ ಬಿದ್ದಿರ್ಲಿ."

ದ್ಯಾವಮ್ಮ ಎಲೆಯಡಿಕೆ ಉಗಿದು ಎದ್ದಳು. "ಗೋಣಿಬೀಡಿಗೆ ಬಸ್ಸು ಎಷ್ಟೊತ್ತಿಗೆ?"

ತನುಜಾ ಬನ್ನಿ ಎಂದಳೇ ಹೊರತು ಕೂರಿ ಎನ್ನಲಿಲ್ಲ. ದ್ಯಾವಮ್ಮ ಅಂಗಳದಲ್ಲಿ ನಿಂತೇ ಎಲ್ಲ ಹೇಳಿದಳು. ಗೇಟು, ಸೆರಗು, ಬೋರಲು ಹಾಕಿದ ಡಬ್ಬಿ. ಹುಲಿಯ ದನಿ ಎಲ್ಲಿ ಹೋಗಿತ್ತೋ, ಪಕ್ಕದಲ್ಲಿದ್ದ ಅಂಜನಮ್ಮನಿಗೇ ಕಿವಿಗೊಟ್ಟು ಕೇಳಬೇಕಾಯಿತು. ಹೇಳಿ ಮುಗಿಸಿ, ಬೈಗುಳಕ್ಕೆ ಕಾದವಳಂತೆ ತಲೆ ತಗ್ಗಿಸಿದಳು.

ತನುಜಾ ಸೊಂಟಕ್ಕೆ ಕೈಕೊಟ್ಟು ಜಗಲಿಯ ಮೇಲೆ ಕುಸಿದಳು. "ಇಷ್ಟೇನಾ ಅಮ್ಮಾ! ನೀವು ಹೋದಾಗಿನಿಂದ ಎಲ್ಲಿ ಕೊಳೆ ಕಂಡ್ರು, ಎಲ್ಲಿ ಕೊಳೆ ಕಂಡ್ರು ಅಂತ ಮನೆ ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದೋಗಿದೆ. ಮೇಲೆ ಬನ್ನಿ, ಕೂರಿ. ಕಡುಬು ಬಿಸಿ ಇದೆ."

ಹೊರಡುವಾಗ ದ್ಯಾವಮ್ಮ ಎರಡೂ ಕೈಯಲ್ಲಿ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ತನುಜಾಳಿಗೆ ನಗು ತಡೆಯಲಾಗಲಿಲ್ಲ. "ಕೊಡವಿ ಅಮ್ಮಾ, ಕೊಡವಿ. ಇಲ್ದಿದ್ರೆ ಬಸ್ಸಲ್ಲಿ ನಿಮಗೆ ಮೈಯೆಲ್ಲಾ ತುರಿಸುತ್ತೆ."

ಮದುವೆ ಚೆನ್ನಾಗಿಯೇ ಆಯಿತು. ಅದರ ಮುಂದಿನ ಮಳೆಗಾಲದಲ್ಲಿ ದ್ಯಾವಮ್ಮ ಹಾಸಿಗೆ ಹಿಡಿದಳು. ಅತ್ತೆಯ ಬಾಯಿಂದ ಎಲ್ಲ ಕೇಳಿಕೊಂಡಿದ್ದ ಅರ್ಚನಾ ಅಜ್ಜಿಯನ್ನು ನೋಡಲು ಬಂದವಳು, ಕೂತವಳೇ ಸಿಟ್ಟಾದಳು. "ಯಾರಜ್ಜಿ ಆ ವಾಚ್‌ಮನ್ನು? ಹೆಸರು ಹೇಳು ನೋಡಣ."

"ಅಯ್ಯೋ, ಎಷ್ಟು ಹಳೇ ಕತೆ. ಮರ್ತೋಯ್ತು ಮಗಾ."

ಅರ್ಚನಾ ಗಂಜಿ ತರಲು ಒಳಗೆ ಹೋದಳು. ದ್ಯಾವಮ್ಮ ಪಕ್ಕದಲ್ಲಿ ಕೂತಿದ್ದ ಅಂಜನಮ್ಮನ ಕೈ ಎಳೆದುಕೊಂಡಳು.

"ನಿಂಗೆ ನೆನಪಿದೆ ಅಲ್ವಾ ಅವನ ಹೆಸರು?"

"ಇಲ್ದೆ ಏನು."

"ಇವಳು ನಿನ್ನನ್ನೂ ಕೇಳ್ತಾಳೆ. ಹೇಳ್ಬೇಡ ಕಣೆ. ಅವನ ಮೊಮ್ಮಗಳಿಗೂ ಈಗ ಗಂಡು ನೋಡ್ತಿದ್ದಾರೆ."