ಹಾಳೆಯ ಮೇಲಿನ ಹೆಬ್ಬೆರಳು

ಜೋಳ ಹಸನು ಮಾಡುತ್ತಾ ಕೂತಿದ್ದಾಗ ನಮ್ಮ ಮನೆಯವರ ಫೋನು ಬಂತು. ಮೂರು ವರ್ಷದ ಹಿಂದಿನ ಮಾತು. ಅಲ್ಲಿಯವರೆಗೆ, ಸತ್ತವರು ಬಂದರು, ಕಂಡರು ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ದಿನಾ ಲಿಂಗಪೂಜೆ ತಪ್ಪಿಸದವಳು ನಿಜ. ಆದರೆ ಶಿವನ ಪಾದ ಸೇರಿದವರಿಗೆ ನಮ್ಮೂರು ಮಸ್ಕಿಯಲ್ಲಿ ಏನು ಕೆಲಸ ಅನ್ನುತ್ತಿದ್ದೆ.

ನಮ್ಮ ಮನೆಯವರು ಆಗ ಒಂದು ಆಫೀಸಿನ ಹಳೆಯ ದಫ್ತರಗಳನ್ನು ಸ್ಕ್ಯಾನ್ ಮಾಡುವ ಗುತ್ತಿಗೆ ಕೆಲಸದಲ್ಲಿದ್ದರು. ಕಟ್ಟು ಬಿಚ್ಚಬೇಕು, ಮುದುರಿದ ಹಾಳೆಯನ್ನು ಬೆರಳಿನಿಂದ ಒತ್ತಿ ಹಿಡಿದು ಮೇಲಿನ ಕ್ಯಾಮೆರಾದಲ್ಲಿ ಚಿತ್ರ ತೆಗೆಯಬೇಕು, ಮತ್ತೆ ಎಣಿಸಿ ಕಟ್ಟಿ ಒಪ್ಪಿಸಬೇಕು.

"ಒಂದು ಹಾಳಿ ಕಮ್ಮಿ ಬಂದೈತಿ. ಕಂಪ್ಯೂಟರಿನಾಗ ಫೋಟೋ ಐತಿ, ಕಟ್ಟಿನಾಗ ಕಾಗದ ಇಲ್ಲ. ಸಂಜಿಕ್ಕ ಸಿಗಲಿಲ್ಲಂದ್ರ ನಾಳಿಂದ ಬರಬ್ಯಾಡ ಅಂದಾರ ಸಾಹೇಬ್ರು. ನನ್ನ ಹಳೇ ಚೀಲದಾಗ ಏನರ ಬಂದೈತೇನು ನೋಡು" ಅಂದರು.

ಚೀಲದಲ್ಲಿ ಏನೂ ಇರಲಿಲ್ಲ. ಉಂಡಿರಲಿಕ್ಕಿಲ್ಲ ಅಂತ ಎರಡು ರೊಟ್ಟಿ, ಪಲ್ಯ ಕಟ್ಟಿಕೊಂಡು ನಾನೇ ಹೋದೆ.

ಅವರ ಜೊತೆ ಕೆಲಸ ಮಾಡುವ ಶರಣಪ್ಪ ನನ್ನ ನೋಡಿ, "ಬರ್ರಿ ಅಕ್ಕಾರ. ನಿಮ್ಮ ಯಜಮಾನ್ರು ಹಾಳಿ ನುಂಗ್ಯಾರ, ಇನ್ನ ರೊಟ್ಟಿಗೆ ಜಾಗ ಎಲ್ಲೈತಿ" ಅಂದ.

"ಸುಮ್ಮನಿರಲೇ" ಅಂದರು ಇವರು. ಮುಖ ಬಿಳಿಚಿತ್ತು.

ಕಳೆದ ಹಾಳೆಯ ಚಿತ್ರ ತೆರೆದು ತೋರಿಸಿದರು. ಅಂಚಿನಲ್ಲಿ ಒತ್ತಿ ಹಿಡಿದ ಹೆಬ್ಬೆರಳು. ನಾನು ಓದಲು ಹೋಗಲಿಲ್ಲ, ಬೆರಳನ್ನೇ ನೋಡಿದೆ. ಸುಕ್ಕುಗಟ್ಟಿದ ಬೆರಳು, ಉಗುರು ನಡುವೆ ಸೀಳಿತ್ತು. ಬೀಸುವ ಕಲ್ಲಿನಡಿ ಸಿಕ್ಕು ನಮ್ಮ ಅತ್ತೆಯವರ ಉಗುರು ಹಾಗೆ ಸೀಳಿತ್ತು. ಕೊನೆಯ ಎರಡು ವರ್ಷ ಆ ಕೈಗೆ ನಾನೇ ಎಣ್ಣೆ ಹಚ್ಚಿದ್ದೆ. ಅವರು ತೀರಿ ಆಗಲೇ ವರ್ಷವಾಗಿತ್ತು.

"ರೀ, ಈ ಬೆರಳು ಯಾರದು?"

ಇವರು ಬಗ್ಗಿ ನೋಡಿದರು. "ಅವ್ವಂದು" ಅಂದರು. ಶರಣಪ್ಪನ ನಗು ನಿಂತಿತು.

ಆ ಹೆಬ್ಬೆರಳಿನ ಕೆಳಗೆ ಇನ್ನೊಂದು ಹಾಳೆಯ ಸುಟ್ಟ ಮೂಲೆ ಇಣುಕುತ್ತಿತ್ತು. ಕಟ್ಟಿನಲ್ಲಿ ಸುಟ್ಟ ಮೂಲೆಯ ಹಾಳೆ ಒಂದೇ. ತೆಗೆದು ನೋಡಿದರೆ ಅದರ ಬೆನ್ನಿಗೆ ಕಳೆದ ಹಾಳೆ ಅಂಟಿಕೊಂಡಿತ್ತು. ಬೆರಳು ನೀರಿಗದ್ದಿ ಹಾಳೆ ತಿರುವುವ ಚಟ ಇವರದು. ಅಂಚಿಗಿದ್ದ ಹಳೇ ಗೋಂದು ನೆಂದು ಎರಡೂ ಕೂಡಿದ್ದವು. ಅಷ್ಟು ತಿಳಿಯಿತು. ಬೆರಳಿನದು ತಿಳಿಯಲಿಲ್ಲ. ಆ ಕೋಣೆಯಲ್ಲಿ ಹೆಣ್ಣುಮಕ್ಕಳು ಯಾರೂ ಕೆಲಸಕ್ಕಿರಲಿಲ್ಲ. ಇವರದೂ ಶರಣಪ್ಪನದೂ ಹೆಬ್ಬೆರಳಿನ ಉಗುರು ನೆಟ್ಟಗಿವೆ.

ಸಾಹೇಬರು ಎಣಿಸಿ ಸಹಿ ಮಾಡಿದರು. ಕೆಲಸ ಉಳಿಯಿತು, ಅದು ಶಿವನ ದಯೆ. ಹೋಗುವಾಗ "ಬೆರಳು ಬಿದ್ದ ಫೋಟೋ ನಡ್ಯಂಗಿಲ್ಲ, ಅಳಿಸಿ ಇನ್ನೊಂದು ತೆಗೀರಿ" ಅಂದರು.

ನಾನು ಮನೆಗೆ ಬಂದೆ. ಇವರು ಒಂದು ತಾಸು ತಡವಾಗಿ ಬಂದರು.

"ಅಳಿಸಿದ್ರೇನು?" ಅಂದೆ.

"ಹ್ಞೂಂ, ಅಳಿಸೀನಿ. ಅಳಿಸಾಕ ಕೈ ಬರವಲ್ದಾಗಿತ್ತು" ಅಂದರು.

ಅದು ನೆರಳಿನ ಆಟವೋ, ಇಬ್ಬರ ಕಣ್ಣೂ ಒಮ್ಮೆಲೇ ಮೋಸ ಹೋದವೋ, ಇವತ್ತಿಗೂ ಹೇಳಲಾರೆ. ತೋರಿಸೋಣವೆಂದರೆ ಚಿತ್ರವೂ ಇಲ್ಲ. ಅವತ್ತು ಇವರ ಮಾತು ಮುಗಿಯುವಷ್ಟರಲ್ಲಿ ಓಣಿಯ ನಳಕ್ಕೆ ನೀರು ಬಂತು. ಕೊಡ ತೊಳೆಯಲು ಎದ್ದೆ.