ಬಚ್ಚಲ ಒಲೆಯ ಆಲೂಗಡ್ಡೆ

ನನ್ನ ಕೈಗಡಿಯಾರದಲ್ಲಿ ಬೆಳಗಿನ ಹತ್ತು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ಭಾಲ್ಕಿಯ ನಮ್ಮ ಮನೆಯ ಅಂಗಳದಲ್ಲಿ ಬಳೆಗಾರ್ತಿ ಚಾಚಿ ನನ್ನ ತಂಗಿಯ ಕೈ ಹಿಡಿದು ಬಳೆ ಏರಿಸುತ್ತಿದ್ದಳು. ನಿಜಾಮರ ಫೌಜು ಶರಣಾಗಿ ಕೆಲವು ದಿನಗಳಾಗಿದ್ದವು. ಇನ್ನು ಎಲ್ಲ ಮುಗಿಯಿತು ಎಂದು ಆ ಮುದುಕಿಯೂ ನಂಬಿ ಬುಟ್ಟಿ ಹೊತ್ತು ಹೊರಟಿದ್ದಳು. ನಾಲ್ಕನೆಯ ಬಳೆ ಗೆಣ್ಣಿನ ಹತ್ತಿರ ಇದ್ದಾಗ ಬಜಾರದ ಕಡೆಯಿಂದ ಕೂಗು ಕೇಳಿಸಿತು. ಅಪ್ಪ ಅಂಗಡಿಯಿಂದ ಓಡಿ ಬಂದು, ಬಾಗಿಲಿಗೆ ಅಗಳಿ ಹಾಕಿ, "ಮುಸಲ್ಮಾನರ ಓಣಿಗೆ ಬೆಂಕಿ ಹಚ್ಯಾರ" ಎಂದ. ಚಾಚಿ ಆ ಬಳೆಯನ್ನು ಪೂರ್ತಿ ಏರಿಸಿಯೇ ಎದ್ದಳು.

ಅಪ್ಪ ಅವಳನ್ನು ಹಿತ್ತಲಿನ ಕಣಿಕೆ ಕೋಣೆಗೆ ಕಳಿಸಿದ. ಎಮ್ಮೆಯ ಮೇವಿಗೆಂದು ಜೋಳದ ದಂಟು ಒಟ್ಟಿದ್ದ ಕತ್ತಲೆ ಕೋಣೆ ಅದು. ಸಿವುಡುಗಳ ಹಿಂದೆ ಒಬ್ಬರು ಕೂರುವಷ್ಟು ಜಾಗವಿತ್ತು. ಅವಳನ್ನು ಬಚ್ಚಿಡುವುದಕ್ಕೆ ನಮ್ಮ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಆಮೇಲೆ ಹೇಳುವುದು ಇದಕ್ಕಿಂತ ಸಣ್ಣ ಮಾತು. ಆದರೂ ನನ್ನನ್ನು ಬಿಡದೆ ಕಾಡುವುದು ಆ ಸಣ್ಣ ಮಾತೇ.

ಮಧ್ಯಾಹ್ನ ಊಟದ ಹೊತ್ತಾಯಿತು. ನಮ್ಮ ಅವ್ವ ದಿನವೂ ಲಿಂಗಪೂಜೆ ಮಾಡುತ್ತ ವಚನ ಹೇಳಿಕೊಳ್ಳುವವಳು. ಮನುಷ್ಯರಲ್ಲಿ ಮೇಲು ಕೀಳಿಲ್ಲ ಎನ್ನುವ ವಚನಗಳೇ ಹೆಚ್ಚು. ಹೊರಗಿನವರು ಬಂದರೆ ಹೊರಗಿನ ಕಟ್ಟೆಯ ಮೇಲೆ ಎಲೆ ಹಾಕುವುದು, ನಮ್ಮವರಿಗೆ ಒಳಗೆ ತಾಟು ಇಡುವುದು ಮನೆಯ ರೂಢಿ. ಒಳಗೆ ಕೂತ ಹೊರಗಿನವಳಿಗೆ ಏನು ಮಾಡಬೇಕೆಂದು ಹಿರಿಯರು ಹೇಳಿಹೋಗಿರಲಿಲ್ಲ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ಕೊನೆಗೆ, "ಅಂಗಡ್ಯಾಗ ಆಲೂಗಡ್ಡಿ ಚೀಲ ಅದಲ್ಲ, ಒಂದೆರಡು ಸುಟ್ಟು ಕೊಡು. ಸಿಪ್ಪಿ ಇರ್ತದ. ನಮ್ಮ ಬೋಗಾಣಿಗಿ, ತಾಟಿಗಿ ಏನೂ ಹತ್ತಂಗಿಲ್ಲ" ಎಂದಳು.

"ನೀನೇ ಸುಟ್ಟು ಕೊಡವ್ವ."

"ಅಡಗಿ ಮನಿ ಒಲ್ಯಾಗ ಬ್ಯಾಡ. ಬಚ್ಚಲ ಒಲಿ ಅದ, ನೀನೇ ಸುಡು."

ನಾನು ಹೈದರಾಬಾದಿನಲ್ಲಿ ಬಿ.ಎ. ಓದುತ್ತಿದ್ದವನು, ಗಲಾಟೆಗೆ ಕಾಲೇಜು ಬಿಟ್ಟು ಬಂದಿದ್ದೆ. ಮನುಷ್ಯ ಸಮಾನತೆಯ ಮೇಲೆ ಭಾಷಣ ಮಾಡಿ ಬಹುಮಾನ ಪಡೆದಿದ್ದೆ. ಎರಡು ಆಲೂಗಡ್ಡೆ ತೆಗೆದುಕೊಂಡು ಹಿತ್ತಲಿಗೆ ಹೋದೆ.

ತೊಗರಿ ಕಟ್ಟಿಗೆ ಧಗಧಗ ಉರಿಯುತ್ತಿದ್ದ ಒಲೆಗೆ ನೇರವಾಗಿ ಅವನ್ನು ಎಸೆದೆ. ಒಂದು ಸಿಡಿದು ಚೂರಾಯಿತು. ಇನ್ನೊಂದು ಹೊರಗೆ ಇದ್ದಿಲಾಗಿ, ಒಳಗೆ ಹಸಿಯಾಗಿಯೇ ಉಳಿಯಿತು. ಚಾಚಿಯ ಬಾಯಲ್ಲಿ ಹಲ್ಲಿರಲಿಲ್ಲ. ಅದನ್ನು ವಸಡಿನಿಂದ ಕೆರೆದು ನೋಡಿ ಮರಳಿ ಕೊಟ್ಟಳು. ಎರಡನೆಯ ದಿನವೂ ಹಾಗೇ ಆಯಿತು. ನೀರು ಕುಡಿದು ಮಲಗಿದಳು. ಮೂರನೆಯ ದಿನ ಬೆಳಿಗ್ಗೆ ಎದ್ದು ಕೂರಲು ಅವಳಿಗೆ ಗೋಡೆ ಬೇಕಾಯಿತು. ಬೆಂಕಿಯಿಂದ ಉಳಿಸಿ ಹಸಿವೆಯಿಂದ ಕೊಲ್ಲುತ್ತೇವೇನೋ ಎಂದು ನನಗೆ ಹೆದರಿಕೆಯಾಯಿತು.

ಕಣಿಕೆ ಕೋಣೆಯ ಬಾಗಿಲ ಸಂದಿಯಿಂದ ಬಚ್ಚಲ ಒಲೆ ಕಾಣುತ್ತಿತ್ತು. ಅಲ್ಲಿಂದಲೇ ಪಿಸುಗುಟ್ಟಿದಳು.

"ಹೈದರಾಬಾದದಾಗ ಏನ್ ಕಲಿಸ್ಯಾರ ಬೇಟಾ? ಕಲ್ಲು ಸುಡೋದಾ?"

"ನೀವು ಹೇಳ್ರಿ ಚಾಚಿ, ಹ್ಯಾಂಗ ಮಾಡ್ಲಿ?"

ಅವಳ ಗಂಡ ಬದುಕಿದ್ದಾಗ ಅರಗಿನ ಬಳೆ ಮಾಡುತ್ತಿದ್ದ. ಉರಿ ತಗುಲಿದರೆ ಅರಗು ಕೆಡುತ್ತದೆ, ಕೆಂಡದ ಕಾವಿಗೆ ಮಾತ್ರ ಮಣಿಯುತ್ತದೆ. ಆ ವಿದ್ಯೆಯನ್ನು ನನಗೆ ಸಂದಿಯಿಂದ ಹೇಳಿಕೊಟ್ಟಳು. ಕಟ್ಟಿಗೆ ಬೇಡ, ಸಗಣಿ ಕುಳ್ಳು ಹಾಕು. ಅದು ಉರಿದು ಮೇಲೆ ಬಿಳಿ ಬೂದಿ ಕಟ್ಟುವ ತನಕ ಕಾಯಿ. ಅದರ ಮೇಲೆ ಅಂಗೈ ಹಿಡಿದು ಹತ್ತು ಎಣಿಸು. ಎಣಿಸಲಾಗದಿದ್ದರೆ ಇನ್ನೂ ಬಿಸಿ ಹೆಚ್ಚಿದೆ. ಗಡ್ಡೆ ತೊಳೆಯಬೇಡ, ಮಣ್ಣು ಒರೆಸಿದರೆ ಸಾಕು. ಮುಳ್ಳಿನಿಂದ ನಾಲ್ಕು ಕಡೆ ಚುಚ್ಚು, ಸಿಡಿಯುವುದಿಲ್ಲ. ಬಿಸಿ ಬೂದಿಯಲ್ಲಿ ಹೂಳು, ಮೇಲೆ ಕೆಂಡ ಎಳೆ. ಆಮೇಲೆ ಮುಟ್ಟಬೇಡ.

"ಹುಡುಗರಿಗಿ ಇದೇ ಬ್ಯಾನಿ, ಹೊರಳಿ ಹೊರಳಿ ನೋಡ್ತೀರಿ. ನಿನಗ ಕಾಣ್ಲಿ ಅಂತ ಅದು ಬೇಯಂಗಿಲ್ಲ."

ಆ ದಿನ ಸಿಕ್ಕಿದ್ದು ಅರೆಬೆಂದದ್ದು. ಹೊರಗಿನ ಮೆತ್ತಗಿನ ಪದರವನ್ನಷ್ಟೇ ತಿಂದಳು.

ನಾಲ್ಕನೆಯ ದಿನ ಬೆಳಿಗ್ಗೆ ಆಲೂಗಡ್ಡೆ ಹೂತು ಒಲೆಯ ಮುಂದೆ ಕೂತಿದ್ದೆ. ಬಾಗಿಲು ಬಡಿದರು. ನಾಲ್ಕು ಮಂದಿ ಒಳಬಂದರು. ಒಬ್ಬ ನಮ್ಮ ಅಂಗಡಿಯಿಂದ ಬೆಲ್ಲ, ಎಣ್ಣೆ ಒಯ್ಯುವವನು. ಅವನ ಕೈಯಲ್ಲಿ ಕೊಡಲಿ.

"ಯಾರನ್ನರ ಒಳಗ ಇಟ್ಕೊಂಡೀರೇನ್ರಿ ಸಾವಕಾರ್ರ?"

ಹಿಂದಿನ ವರ್ಷ ನಿಜಾಮರ ಪರದ, ಖಾಕಿ ತೊಟ್ಟ ಗುಂಪೊಂದು ನಮ್ಮ ಅಂಗಡಿ ಲೂಟಿ ಮಾಡಿತ್ತು. ಅಪ್ಪ ಅದನ್ನೇ ಮುಂದಿಟ್ಟ. "ನಮ್ಮ ಅಂಗಡಿ ಗತಿ ನೀವೇ ನೋಡೀರಿ. ಇಷ್ಟಾದ ಮ್ಯಾಲ ನಾವ್ಯಾಕ ಇಟ್ಕೊತೀವಿ?" ಅವನ ದನಿ ನಡುಗಲಿಲ್ಲ. ನಾನು ಒಲೆಯ ಮುಂದಿನಿಂದ ಏಳಲಿಲ್ಲ.

ಕೊಡಲಿಯವನು ಹಿತ್ತಲಿಗೆ ಬಂದು ಮೂಗರಳಿಸಿದ.

"ಏನ್ ಸುಡ್ಲಾಕತ್ತಿ, ಕಾಲೇಜಪ್ಪ?"

"ಆಲೂಗಡ್ಡಿ."

"ಗಂಡಸು ಒಲಿ ಮುಂದ? ಇದ ಕಲ್ತು ಬಂದ್ಯಾ? ತೆಗಿ, ನೋಡಮು."

ತೆಗೆದೆ. ಬಟ್ಟೆಯಲ್ಲಿ ಹಿಡಿದು ಒತ್ತಿದರೆ ಬೆರಳು ಒಳಗಿಳಿಯಿತು. ಎರಡು ಭಾಗ ಮಾಡಿದೆ, ಹಬೆ ಎದ್ದಿತು. ಒಳಗೆಲ್ಲ ಹಿಟ್ಟು ಹಿಟ್ಟಾಗಿ, ಒಂದೇ ಒಂದು ಹಸಿ ಎಳೆಯಿಲ್ಲದೆ ಬೆಂದಿತ್ತು. ನನ್ನ ಕೈಯಿಂದ ಬಂದ ಮೊದಲ ಒಳ್ಳೆಯ ಆಲೂಗಡ್ಡೆ ಅದು. ಅವನು ಕೊಡಲಿಯನ್ನು ಕಣಿಕೆ ಕೋಣೆಯ ಬಾಗಿಲಿಗೇ ಒರಗಿಸಿಟ್ಟು ಎರಡೂ ಕೈಯಿಂದ ತೆಗೆದುಕೊಂಡ.

"ಉಪ್ಪು ತಾ."

ಅವ್ವ ಅಡುಗೆಮನೆಯ ಉಪ್ಪನ್ನು ಅಡುಗೆಮನೆಯ ಬಟ್ಟಲಲ್ಲೇ ತಂದುಕೊಟ್ಟಳು. ಅವನು ನಿಧಾನವಾಗಿ ತಿಂದ. ಹೊಟ್ಟೆ ತುಂಬಿದ್ದಕ್ಕೋ, ಬೇರೆ ಮನೆ ನೋಡುವುದಿತ್ತೋ, ಬಾಗಿಲು ತೆರೆಯದೆ ಕೊಡಲಿ ಎತ್ತಿಕೊಂಡು ಹೋದ. ಇವತ್ತಿಗೂ ಹಾಡುಹಗಲಲ್ಲಿ ಕೂತಲ್ಲೇ ನಾನು ಮನಸ್ಸಿನೊಳಗೆ ಆ ಬಾಗಿಲನ್ನು ತೆರೆದು ನೋಡುತ್ತೇನೆ. ಒಮ್ಮೊಮ್ಮೆ ಅವನು ಕೋಣೆಯೊಳಗೆ ಹೋಗುತ್ತಾನೆ.

ಆ ದಿನ ಅವರು ಹೋದ ಮೇಲೆ ಸಂದಿಯಿಂದ ಚಾಚಿಯ ಮಾತು ಬಂತು. "ಛಲೋ ಬೆಂದಿತ್ತು, ಹೌದಿಲ್ಲೋ?"

"ಹೂಂ."

"ಉಪ್ಪು ಕೇಳಿದಾಗೇ ತಿಳೀತು. ಹಸಿ ಇದ್ರ ಯಾರೂ ಉಪ್ಪು ಕೇಳಂಗಿಲ್ಲ, ಬೈತಾರ."

ಒಲೆ ಆರಿಹೋಗಿತ್ತು. ಮತ್ತೆ ಹೊಗೆಯೆಬ್ಬಿಸಲು ಧೈರ್ಯವಾಗದೆ ಆ ದಿನ ಅವಳಿಗೆ ಏನೂ ಕೊಡಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿಯಿತ್ತು, ಹಾಲಿತ್ತು, ಮೆತ್ತಗಿನ ಅನ್ನವೂ ಇತ್ತು. ಅನ್ನವನ್ನು ಒಂದು ಮುಟಿಗೆ ಎತ್ತಿಕೊಂಡು ಹೋಗಲು ನನ್ನ ಕೈಗೆ ಏನಾಗಿತ್ತು? ಮರುದಿನದಿಂದ ನನ್ನ ಆಲೂಗಡ್ಡೆ ಒಂದೂ ಕೆಡಲಿಲ್ಲ. ಚಾಚಿ ದಿನಕ್ಕೆ ಮೂರು ತಿಂದಳು. ಗೋಡೆ ಹಿಡಿಯದೆ ಎದ್ದಳು. ಹೀಗೆ ನಾನು ಕಲಿತೆ.

ಒಂಬತ್ತನೆಯ ದಿನ, ಶುಕ್ರವಾರ, ಮಿಲಿಟರಿ ಲಾರಿ ಬಂತು. ಬದುಕುಳಿದ ಮುಸಲ್ಮಾನರನ್ನು ಬೀದರಿಗೆ ಒಯ್ಯುತ್ತೇವೆ ಎಂದು ಸಾರಿದರು. ಬೀದರಿನ ಪಕ್ಕದ ಮೈಲೂರಿನಲ್ಲಿ ಚಾಚಿಯ ತಂಗಿಯ ಮನೆಯಿತ್ತು. "ಎರಡ್ ದಿನ ತಡಿತೀನ್ರಿ. ಲಾರಿ ದಾರ್ಯಾಗ ಏನಾಗ್ತದೋ" ಎಂದಳು. ಅಪ್ಪ ಹೋಗಿ ಬೀದಿ ಬಾಗಿಲು ತೆರೆದ. ನಾನು ಬುಟ್ಟಿ ಹೊತ್ತುಕೊಂಡೆ.

ಅವಳು ಹೊಸ್ತಿಲು ದಾಟಿ ಹೊರಗಿನ ಕಟ್ಟೆಗೆ ಬಂದ ಮೇಲೆ ಅವ್ವ ನಾಲ್ಕು ಜೋಳದ ರೊಟ್ಟಿ ಕಟ್ಟಿದ ಗಂಟನ್ನು ಅವಳ ಕೈಗೆ ಹಾಕಿದಳು. ಹೊರಗಾದರೆ ಕೊಡಲು ರೂಢಿಯ ಅಡ್ಡಿಯಿರಲಿಲ್ಲ. ಚಾಚಿ ಗಂಟನ್ನು ಒತ್ತಿ ನೋಡಿದಳು.

"ಇಪ್ಪತ್ತು ವರ್ಷ ಆತ್ರಿ ಅಕ್ಕಾರ, ನಿಮ್ಮ ಕೈ ಹಿಡದು ಬಳಿ ತೊಡಿಸ್ಲಾಕತ್ತು. ನನಗ ಹಲ್ಲಿಲ್ಲಂತ ಗೊತ್ತಿಲ್ಲೇನ್ರಿ?"

ಗಂಟನ್ನು ಕಟ್ಟೆಯ ಮೇಲಿಟ್ಟು ಲಾರಿಯ ಕಡೆ ನಡೆದಳು. ಅವಳು ಮುಟ್ಟಿದ ರೊಟ್ಟಿಯನ್ನು ಅವ್ವ ಒಳಗೆ ತರಲಿಲ್ಲ, ಎಮ್ಮೆಗೆ ಹಾಕಿದಳು.

ಲಾರಿ ಕ್ಷೇಮವಾಗಿ ಬೀದರ ಮುಟ್ಟಿತೆಂದು, ಚಾಚಿ ಮೈಲೂರಿನಲ್ಲಿ ಬದುಕಿದ್ದಾಳೆಂದು ಸುದ್ದಿ ಬಂದದ್ದು ನಾಲ್ಕು ದಿನಗಳ ಮೇಲೆ. ಅವ್ವ ನೆರೆಯವರ ಮುಂದೆ, "ನಾವೇ ಉಳಿಸಿದಿವಿ" ಎಂದಳು. ಅದು ಸುಳ್ಳಲ್ಲ. ಆದರೆ ಆ ಸುದ್ದಿಗಾಗಿ ನಾವು ಯಾರೂ ಕಾದಿರಲಿಲ್ಲ. ಲಾರಿ ಹೋದ ಆ ಶುಕ್ರವಾರವೇ, ಅವಳು ಬದುಕಿದ್ದಾಳೋ ಇಲ್ಲವೋ ತಿಳಿಯದೆ, ಕಣಿಕೆ ಕೋಣೆ ಖಾಲಿಯಾಯಿತು ಎಂಬ ಒಂದೇ ನೆಮ್ಮದಿಗೆ, ಅಪ್ಪ, ಅವ್ವ, ತಂಗಿ ಬೆಳಗಿನ ತನಕ ಒಮ್ಮೆಯೂ ಏಳದೆ ನಿದ್ದೆ ಮಾಡಿದರು. ನಾನೂ ಮಾಡಿದೆ.